ನಲುವಾಕಾಂದಿಯ ಕೈಪಂಪುಗಳು

ಮಧ್ಯಾಹ್ನದ ಊಟವಾಗಿ ಕಣ್ಣು ಎಳೆಯುವ ಹೊತ್ತಿನಲ್ಲಿ, ನೀರು ಪರೀಕ್ಷೆಯ ಕಚೇರಿಯಲ್ಲಿ ತಹ್ಮಿನಾ ನಲುವಾಕಾಂದಿ ಊರಿನ ನೀರಿನ ವರದಿಯನ್ನು ವೆಬ್‌ಸೈಟ್ ಮಾಡಲು ಕುಳಿತಳು. ಲೆಕ್ಕವೆಲ್ಲ ಅವಳ ಲ್ಯಾಪ್‌ಟಾಪಿನ ನೋಟ್‌ಬುಕ್ಕಿನಲ್ಲಿ ಮಳೆಗಾಲಕ್ಕೆ ಮುಂಚೆಯೇ ಮುಗಿದಿತ್ತು. ಒಂದರ ಕೆಳಗೊಂದು ಚೌಕ. ಚೌಕದೊಳಗೆ ಲೆಕ್ಕದ ಸಾಲುಗಳು, ಅದರಡಿಯಲ್ಲಿ ಉತ್ತರ. ಈಗ ಅದಕ್ಕೆ ತಲೆಬರಹ, ನಕ್ಷೆ, ಓದಲು ಹಿತವಾದ ಅಕ್ಷರ ಕೊಟ್ಟು, ಢಾಕಾದ ಸಾಹೇಬರಿಗೂ ಊರಿನ ಮೇಷ್ಟರಿಗೂ ಕಾಣುವ ಹಾಗೆ ಏರಿಸಬೇಕಿತ್ತು.

ಲೆಕ್ಕದ ಫಲ ಊರಿಗೆ ಆಗಲೇ ಗೊತ್ತಿತ್ತು. ಆರ್ಸೆನಿಕ್ ವಿಷವಿದ್ದ ಕೈಪಂಪಿಗೆ ಕೆಂಪು, ಇಲ್ಲದ್ದಕ್ಕೆ ಹಸಿರು ಎಂದು ಕಚೇರಿಯ ಮೊತಾಲೆಬ್ ಬಣ್ಣ ಬಳಿದು ಮುಗಿಸಿದ್ದ. ಮೇಘ್ನಾ ಹೊಳೆಯ ಕಡೆಯವೆಲ್ಲ ಹಸಿರು, ರಸ್ತೆಯ ಕಡೆಯವೆಲ್ಲ ಕೆಂಪು. ಹೊಳೆಯ ಮರಳು ವಿಷ ಸೋಸುತ್ತದೆ ಎಂದು ಊರವರು ಕಾರಣವನ್ನೂ ಕಂಡುಕೊಂಡಿದ್ದರು. ತಹ್ಮಿನಾ ಅದನ್ನೇ ಚಂದ ಮಾಡಿ ನಕ್ಷೆಯ ಕೆಳಗೆ ಬರೆದಿದ್ದಳು.

ಗುಂಡಿ ಒತ್ತಿದಳು. ಪುಟ ಕಟ್ಟುವಾಗ ಯಂತ್ರ ಹಳೆಯದನ್ನೆಲ್ಲ ಮರೆತು, ಮೊದಲ ಚೌಕದಿಂದ ಹೊಸದಾಗಿ ಲೆಕ್ಕ ಮಾಡುತ್ತದೆ. ಪುಟ ತೆರೆಯಿತು. ಅಕ್ಷರ ಮುದ್ದಾಗಿತ್ತು. ನಕ್ಷೆಯಲ್ಲಿ ಮಾತ್ರ ಕೆಂಪು ಹಸಿರು ಕಲಸಿಹೋಗಿದ್ದವು. ಹೊಳೆದಂಡೆಯ ಮೊದಲನೇ ಪಂಪು, ಊರಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಆದ ಜೋಬೇದಾಳ ಅಂಗಳದ್ದು, ಕಡುಗೆಂಪಾಗಿತ್ತು.

"ಮೊತಾಲೆಬ್ ಭಾಯ್, ಸ್ವಲ್ಪ ಬನ್ನಿ ಇಲ್ಲಿ."

ಅವನು ಹಲ್ಲಿನ ಸಂದಿಯ ಅಡಿಕೆ ಚೂರು ಕೆದಕುತ್ತ ಬಂದ. "ಏನ್ ಆಪಾ, ಬಣ್ಣ ಎಲ್ಲಾ ಹಿಂದುಮುಂದಾಗಿದೆ! ಊಟ ಆದ್ಮೇಲೆ ಕಂಪ್ಯೂಟರಿಗೂ ತೂಕಡಿಕೆನಾ?"

ಅವಳು ನಗಲಿಲ್ಲ. ಚೌಕಗಳನ್ನು ಮೇಲಿನಿಂದ ಓದುತ್ತ ಬಂದಳು. ನೆನಪಾಯಿತು. ವಿಷ ಎಲ್ಲಿಯವರೆಗೆ ಏರಿದೆ ನೋಡೋಣವೆಂದು ಒಮ್ಮೆ ಲ್ಯಾಬಿನ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದ್ದಳು. ನೋಡಿ, ಆ ಚೌಕವನ್ನು ಅಳಿಸಿದ್ದಳು. ಚೌಕ ಹೋಗಿತ್ತು, ಜೋಡಣೆ ಯಂತ್ರದ ನೆನಪಿನಲ್ಲಿ ಉಳಿದಿತ್ತು. ಆ ಸಾಲನ್ನೇ ಪಂಪುಗಳ ಸಾಲಿನ ಪಕ್ಕಕ್ಕೆ ಅಂಟಿಸಿದ್ದಳು. ಪಂಪುಗಳ ಎಣಿಕೆ ಹೊಳೆಯಿಂದ ಶುರುವಾಗಿತ್ತು. ಸಣ್ಣ ಅಂಕಿಗಳೆಲ್ಲ ಹೊಳೆಯವರ ಪಾಲಿಗೆ, ದೊಡ್ಡವೆಲ್ಲ ರಸ್ತೆಯವರ ಪಾಲಿಗೆ ಬಿದ್ದಿದ್ದವು. ಈಗ ಹೊಸದಾಗಿ ಲೆಕ್ಕ ಮಾಡಿದಾಗ ಆ ಜೋಡಣೆ ಇಲ್ಲವಾಗಿ, ಅಂಕಿಗಳು ತಂತಮ್ಮ ಪಂಪಿಗೇ ಸೇರಿದ್ದವು.

"ಈ ನಕ್ಷೆ ಸರಿ ಭಾಯ್. ನಾವು ಬಳಿದದ್ದೇ ತಪ್ಪು."

ಮೊತಾಲೆಬ್ ಆ ಕಡುಗೆಂಪು ಚುಕ್ಕೆಯ ಮೇಲೆ ಬೆರಳಿಟ್ಟ. ಆಮೇಲೆ, "ಖಾಲಾನ ಸೊಸೆ ಬಸುರಿ ಅಲ್ವಾ?" ಎಂದ.

ತಹ್ಮಿನಾ ಮರಳಿನ ಮಾತನ್ನು ಅಳಿಸಿ, ಪುಟವನ್ನು ಏರಿಸಿಯೇಬಿಟ್ಟಳು.

"ಮೇಷ್ಟರು ಮೊಬೈಲಲ್ಲಿ ನೋಡಿಬಿಟ್ರೆ?"

"ನೋಡ್ಲಿ. ಅದಕ್ಕೆ ಮುಂಚೆ ನಾವು ಅಲ್ಲಿರಬೇಕು."

ಪರೀಕ್ಷೆಯ ಪೆಟ್ಟಿಗೆ ಹಿಡಿದು ಇಬ್ಬರೂ ಏರಿಯ ಮೇಲೆ ನಡೆದರು. ಜೋಬೇದಾ ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಳು. "ಬಾರಮ್ಮಾ. ನನ್ನ ಹಸಿರು ಪಂಪಿನ ಫೋಟೋ ತೆಗೀಬೇಕಾ? ತಾಳು, ಒಳ್ಳೆ ಸೀರೆ ಉಟ್ಕೊಂಡು ಬರ್ತೀನಿ."

"ನೀರು ಇನ್ನೊಂದ್ಸಲ ನೋಡ್ಬೇಕು ಖಾಲಾ."

"ನೋಡು, ಯಾರು ಬೇಡ ಅಂದ್ರು? ಊರೇ ಕುಡೀತಾ ಇದೆ."

ಸೀಸೆಗೆ ನೀರು, ನೀರಿಗೆ ಪುಡಿ, ಮುಚ್ಚಳದೊಳಗೆ ಬಿಳಿ ಕಾಗದದ ಪಟ್ಟಿ. ಕಾದರು. ಸೊಸೆ ಲಿಪಿ ಲೋಟದಲ್ಲಿ ನೀರು ಕುಡಿಯುತ್ತ ಬಾಗಿಲಿಗೆ ಒರಗಿದ್ದಳು. ಪಟ್ಟಿ ಹಳದಿಗೆ ತಿರುಗಿತು. ನೋಡನೋಡುತ್ತ ಕಂದಾಯಿತು.

ನೀರಿನಲ್ಲಿ ವಿಷವಿದೆ, ಬಣ್ಣ ಬಳಿದದ್ದೇ ತಪ್ಪಾಗಿತ್ತು ಎಂದು ತಹ್ಮಿನಾ ಸುತ್ತಿ ಬಳಸದೆ ಹೇಳಿದಳು. ಜೋಬೇದಾ ಮೀನಿನ ಕೈಯನ್ನು ಹಾಗೇ ಹಿಡಿದು ಕೇಳಿದಳು. ಅರ್ಥವಾದದ್ದೇ ಎದ್ದು ಓಡಿ ಸೊಸೆಯ ಲೋಟ ಕಿತ್ತು ಎಸೆದಳು. "ಉಗುಳೇ! ಬಾಯಲ್ಲಿರೋದನ್ನ ಉಗುಳು!" ಲಿಪಿ ಏನೂ ತಿಳಿಯದೆ ಹೊಟ್ಟೆಯ ಮೇಲೆ ಕೈಯಿಟ್ಟು ಅತ್ತೆಯ ಮುಖ ನೋಡಿದಳು.

ಅಷ್ಟರಲ್ಲಿ ರಸ್ತೆಯ ಕಡೆಯ ಕೊಹಿನೂರ್ ಕೊಡ ಹೊತ್ತು ಬಂದಳು. ಅವಳು ದಿನಾ ಇಲ್ಲಿಂದಲೇ ನೀರು ಒಯ್ಯುತ್ತಿದ್ದವಳು.

"ಇದು ಬೇಡ ಆಪಾ," ಎಂದಳು ತಹ್ಮಿನಾ. "ನಿಮ್ಮನೆ ಪಂಪಿನ ನೀರೇ ಚೆನ್ನಾಗಿದೆ. ಮೊದಲಿಂದಲೂ ಚೆನ್ನಾಗೇ ಇತ್ತು."

"ನಮ್ದಾ?" ಕೊಹಿನೂರ್ ಒಬ್ಬೊಬ್ಬರ ಮುಖವನ್ನೇ ನೋಡಿದಳು. "ಕೆಂಪು ಬಳಿದ್ರಲ್ಲ, ಮಕ್ಕಳು ಕುಡಿದಾರು ಅಂತ ನಮ್ಮನೆಯವ್ರು ಪಂಪನ್ನೇ ಬಿಚ್ಚಿ ಗುಜರಿಗೆ ಹಾಕಿದ್ರು. ಕೊಳವೆಗೆ ಕಲ್ಲು ತುಂಬಿಬಿಟ್ಟಿದ್ದೀವಿ."

ತಹ್ಮಿನಾ ಪೆಟ್ಟಿಗೆ ಎತ್ತಿಕೊಂಡು, "ಹೊಸ ನಕ್ಷೆಯಲ್ಲಿ ಮಸೀದಿ ಪಂಪು ಹಸಿರಿದೆ, ಅಲ್ಲಿಗೆ ಹೋಗೋಣ. ನಿಮ್ಮೆದುರಿಗೇ ಪರೀಕ್ಷೆ ಮಾಡ್ತೀನಿ," ಎಂದಳು.

"ನೀನು ಹೋಗಮ್ಮಾ," ಎಂದಳು ಜೋಬೇದಾ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನಮ್ಮತ್ತೆ ಕಾಲದಲ್ಲಿ ಮಾಡ್ತಿದ್ದ ಹಾಗೆ ಹೊಳೆ ನೀರು ಕಾಯಿಸ್ಕೊಂಡು ಕುಡೀತೀವಿ."

ಅವಳು ಸೊಸೆಯನ್ನು ಒಳಗೆ ಕರೆದುಕೊಂಡು ಹೋದಳು. ಕೊಹಿನೂರ್ ಕೊಡವನ್ನು ಸೊಂಟಕ್ಕೆ ಏರಿಸಿ ಹೊಳೆಯ ಕಡೆಗೆ ಇಳಿದಳು.