ಬ್ರೇಕ್ ಮೇಡಂ ಸ್ಕ್ಯಾನಿಂಗಿಗೆ ಹೋದದ್ದು

"ದಯವಿಟ್ಟು ಸ್ವಲ್ಪ ಹೊತ್ತು ಕಾಯಿರಿ," ಎಂದ ಹೊಸ ವಿದ್ಯಾರ್ಥಿ, ಹಿಂದಿನಿಂದ ಹಾರ್ನ್ ಹೊಡೆಯುತ್ತಿದ್ದ ಲಾರಿಗೆ. ಲಾರಿಯವನಿಗೆ ಕೇಳಿಸುವಂತೇನೂ ಅಲ್ಲ, ತನ್ನಷ್ಟಕ್ಕೆ ತಾನೇ. ಆದರೆ ಪಕ್ಕದಲ್ಲಿ ಕೂತಿದ್ದ ಟೀಚರ್ ಕಾಲು ದಬಕ್ಕನೆ ಬ್ರೇಕಿನ ಮೇಲೆ ಬಿತ್ತು. ಆಮೆಯಂತೆ ಸಾಗುತ್ತಿದ್ದ ಕಾರು ಮುಗ್ಗರಿಸಿ ನಿಂತಿತು.

"ಇನ್ನೊಂದ್ಸಲ ಹೇಳಿ," ಎಂದಳು.

"ಏನನ್ನ, ಮೇಡಂ?"

"ಈಗ ಅಂದ್ರಲ್ಲ, ಅದನ್ನೇ."

ಅವನು ಬೆವರೊರೆಸಿಕೊಂಡು ಮತ್ತೆ ಹೇಳಿದ. ಅನುಮಾನವೇ ಇಲ್ಲ. ಆಸ್ಪತ್ರೆಯ ಸ್ಕ್ಯಾನಿಂಗ್ ಕೌಂಟರಿಗೆ ಫೋನ್ ಮಾಡಿದಾಗಲೆಲ್ಲ ಅವಳ ಕಿವಿಗೆ ಬೀಳುತ್ತಿದ್ದ ದನಿ ಇದೇ. ಮೆಷಿನ್ ಕೆಟ್ಟಿದೆ ಎಂದವನೂ ಇವನೇ, ರಿಪೇರಿಯಾಗಿದೆ ಆದರೆ ಸಾಲು ಉದ್ದವಿದೆ ಎಂದವನೂ ಇವನೇ, "ನಿಮ್ಮದು ಅರ್ಜೆಂಟಲ್ಲ ಮೇಡಂ, ರೊಟೀನು" ಎಂದು ಸಮಾಧಾನ ಹೇಳಿ ಅವಳ ಸಮಾಧಾನವನ್ನೆಲ್ಲ ಕಸಿದುಕೊಂಡವನೂ ಇವನೇ.

ಆ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವಳು ಅವಳು. ಟೀಚರ್ ಕೂರುವ ಕಡೆಯೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಅವಳಷ್ಟು ಧಾರಾಳವಾಗಿ ಬಳಸಿದವರು ಇನ್ನೊಬ್ಬರಿಲ್ಲ. ಹಾಗಾಗಿ ಬೆನ್ನ ಹಿಂದೆ ಎಲ್ಲರಿಗೂ ಅವಳು ಬ್ರೇಕ್ ಮೇಡಂ. ಎರಡು ವರ್ಷದ ಕೆಳಗೆ ಕರುಳಿನಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಕೀಮೋ ಆಯಿತು, ಉದುರಿದ ನೇರ ಕೂದಲು ಗುಂಗುರಾಗಿ ಹುಟ್ಟಿ ಬಂತು. "ಗುಣವಾಗಿದೆ, ಆರು ತಿಂಗಳಿಗೊಂದ್ಸಲ ಸ್ಕ್ಯಾನ್ ಮಾಡಿಸ್ಕೊಂಡು ಹೋಗ್ತಿರಿ," ಎಂದಿದ್ದರು ಡಾಕ್ಟರು, ಆಗಾಗ ಮನೆ ಕಡೆ ಬಂದು ಹೋಗ್ತಿರಿ ಎನ್ನುವ ಹಾಗೆ. ಈ ಸಲ ಆರು ಹೋಗಿ ಒಂಬತ್ತಾಗಿತ್ತು. ಬಿಕ್ಕಳಿಕೆ ಬಂದರೂ ಅವಳಿಗೆ ಎದೆ ಧಸಕ್ಕೆನ್ನುತ್ತಿತ್ತು. ಕೆಂಪು ದೀಪಕ್ಕೆ ಕಾರು ನಿಂತಾಗಲೆಲ್ಲ ಕೈ ತಾನಾಗಿ ಹೊಟ್ಟೆ ಒತ್ತಿ ನೋಡುತ್ತಿತ್ತು.

ಈಗ ದೇವರೇ ಆ ದನಿಯನ್ನು ತಂದು ತನ್ನ ಕಾರಿನಲ್ಲಿ ಕೂರಿಸಿದ್ದಾನೆ ಎಂದುಕೊಂಡಳು. ಮರುದಿನದಿಂದ ಪಾಠದ ರೀತಿಯೇ ಬದಲಾಯಿತು.

"ಮುಂದಿನ ವಾರ ಏನಾದ್ರೂ ಖಾಲಿ ಇದೆಯಾ?"

"ಮೇಡಂ, ಈ ತಿರುವೊಂದು ಮುಗೀಲಿ."

"ತಿರುವಿಗೂ ಬಾಯಿಗೂ ಏನ್ರೀ ಸಂಬಂಧ? ಗೇರ್ ಇಳಿಸಿ. ಇದೆಯೋ ಇಲ್ವೋ?"

"ಗೇರಾ, ಮೇಡಂ?"

"ಡೇಟು!"

ಒಂದು ದಿನ ತಾಳ್ಮೆ ಕೆಟ್ಟು ಕಾರನ್ನು ಪಕ್ಕಕ್ಕೆ ಹಾಕಿಸಿದಳು. "ನೋಡಿ, ನಂಗೆ ಡೇಟ್ ಸಿಗೋವರೆಗೂ ನಿಮ್ಮನ್ನ ಲೈಸೆನ್ಸ್ ಟೆಸ್ಟಿಗೆ ಕಳ್ಸಲ್ಲ."

"ಕಳಿಸ್ಬೇಡಿ ಮೇಡಂ," ಎಂದ ಅವನು ದೊಡ್ಡ ಭಾರ ಇಳಿದವನಂತೆ. "ನಂಗೂ ಭಯಾನೇ." ಆಮೇಲೆ ಸ್ಟಿಯರಿಂಗನ್ನೇ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದ. "ನಿಮಗಿಂತ ಮುಂದೆ ಒಬ್ರು ಅಜ್ಜ ಇದಾರೆ. ನುಂಗೋಕೇ ಆಗ್ತಿಲ್ಲ ಅವ್ರಿಗೆ. ದಿನಾ ಬಂದು ಕೌಂಟರ್ ಮುಂದೆ ಸುಮ್ನೆ ನಿಂತ್ಕೋತಾರೆ, ಏನೂ ಕೇಳಲ್ಲ. ಅವ್ರನ್ನ ಹಿಂದಕ್ಕೆ ಹಾಕ್ಲಾ? ನೀವೇ ಹೇಳಿ."

ಅವಳು ಕಿಟಕಿಯಾಚೆ ಮುಖ ತಿರುಗಿಸಿ, "ಹೊರಡಿ, ಇಂಡಿಕೇಟರ್ ಹಾಕ್ಕೊಂಡು," ಎಂದಷ್ಟೇ ಅಂದಳು.

ಅಂದಿನಿಂದ ಡೇಟಿನ ಮಾತೆತ್ತಲಿಲ್ಲ. ಆದರೆ ಆಸೆ ಎಲ್ಲಿ ಬಿಡುತ್ತದೆ? ಯಾರೋ ಬಾರದೆ ಜಾಗ ಖಾಲಿಯಾಗಬಹುದು, ಸ್ಕ್ಯಾನಿಂಗಿಗೆ ಖಾಲಿ ಹೊಟ್ಟೆ ಬೇಕು, ಯಾವುದಕ್ಕೂ ಇರಲಿ ಎಂದು ಬೆಳಗಿನ ಪಾಠಗಳು ಮುಗಿಯುವ ತನಕ ಅವಳು ತುತ್ತು ಮುಟ್ಟುತ್ತಿರಲಿಲ್ಲ. ಗಂಡನದು ಬೇಕರಿ. ಅವನಿಗೆ ಇದು ದೊಡ್ಡ ಅವಮಾನವಾಗಿತ್ತು. "ಇಡೀ ಬೀದಿಗೆ ತಿನ್ನಿಸ್ತೀನಿ, ಹೆಂಡ್ತಿ ಉಪವಾಸ. ಬ್ರೆಡ್ ಚೆನ್ನಾಗಿಲ್ಲ ಅಂದ್ಕೊಳಲ್ವೇನೇ ಜನ?" ಎನ್ನುತ್ತಿದ್ದ. ಹಾಗೆಂದು ಅವಳ ಎದುರು ತಾನೂ ತಿನ್ನುತ್ತಿರಲಿಲ್ಲ. ಒಲೆಯ ಹಿಂದೆ ನಿಂತು ತಿಂದು ಬರುತ್ತಿದ್ದ.

ಸೇತುವೆಯ ಮೇಲೆ ಪಾಠ ನಡೆಯುತ್ತಿದ್ದ ಒಂದು ಬೆಳಿಗ್ಗೆ ವಿದ್ಯಾರ್ಥಿಯ ಫೋನ್ ಬಡಿದುಕೊಂಡಿತು. "ಕಾರು ಓಡಿಸೋವಾಗ ಫೋನ್ ಮುಟ್ಟಬಾರದು," ಎಂದು ಗದರಿ ಅವಳೇ ಎತ್ತಿಕೊಂಡು ಸ್ಪೀಕರಿಗೆ ಹಾಕಿದಳು. ಕೌಂಟರಿನಲ್ಲಿದ್ದ ಅವನ ಜೊತೆಗಾತಿ. ಯಾರೋ ಬಂದಿಲ್ಲವಂತೆ, ಅರ್ಧ ಗಂಟೆಯೊಳಗೆ ಬರುವವರು ಬೇಕಂತೆ.

"ಆ ಅಜ್ಜನಿಗೆ ಕೇಳಿದ್ರಾ?" ಎಂದವಳು ಬ್ರೇಕ್ ಮೇಡಂ.

"ಅವ್ರದ್ದು ನಿನ್ನೇನೇ ಆಯ್ತು. ನೀವ್ಯಾರು?"

"ಮುಂದಿನವರು ಯಾರು, ಅದನ್ನ ಹೇಳು," ಎಂದ ಅವನು, ಕಣ್ಣು ರಸ್ತೆಯಿಂದ ಕೀಳದೆ.

"ಒಬ್ರು ಊರಲ್ಲಿಲ್ಲ. ಒಬ್ರು ಆಗ್ಲೇ ಹೊಟ್ಟೆ ತುಂಬ ತಿಂದಿದಾರೆ. ಆಮೇಲೆ ಆ ಡ್ರೈವಿಂಗ್ ಸ್ಕೂಲಿನವರು, ದಿನಾ ಫೋನ್ ಮಾಡಿ ಪ್ರಾಣ ತಿಂತಾರಲ್ಲ, ಅವ್ರು."

"ಪ್ರಾಣ ಬಿಟ್ರೆ ಬೇರೇನೂ ತಿಂದಿಲ್ಲ," ಎಂದಳು ಬ್ರೇಕ್ ಮೇಡಂ. "ಬರ್ತಿದೀನಿ."

ಸೇತುವೆಯ ಮೇಲೆ ನಿಲ್ಲಿಸಿ ಜಾಗ ಬದಲಾಯಿಸಿಕೊಳ್ಳುವ ಹಾಗಿರಲಿಲ್ಲ. ಅವನೇ ಓಡಿಸಬೇಕಾಯಿತು. ಹಲ್ಲು ಕಚ್ಚಿಕೊಂಡು ಸೇತುವೆ ದಾಟಿದ, ಮಾರ್ಕೆಟ್ ರಸ್ತೆಗೆ ತಿರುಗಿದ. ಇನ್ನೇನು ಆಸ್ಪತ್ರೆಯ ನೀರಿನ ಟ್ಯಾಂಕು ಕಾಣಿಸಿತು ಎನ್ನುವಾಗ ಕಾರು ಗೊರಗೊರ ಎಂದು ಏದುಸಿರು ಬಿಡತೊಡಗಿತು.

"ಮೇಡಂ, ಎಳೀತಾ ಇಲ್ಲ. ನಾನೇನು ಮಾಡಿದೆ?"

ಅವಳು ಕೆಳಗೆ ನೋಡಿದಳು. ತನ್ನ ಕಾಲು ಬ್ರೇಕನ್ನು ಅದುಮಿ ಹಿಡಿದಿತ್ತು. ಯಾವಾಗ ಹೋಗಿ ಕೂತಿತೋ ಅದಕ್ಕೇ ಗೊತ್ತು.

"ನೀವೇನೂ ಮಾಡಿಲ್ಲ," ಎಂದಳು. "ನಂದೇ ಕಾಲು."

ಎತ್ತಿದಳು. ಎರಡು ಅಂಗಡಿ ದಾಟುವುದರೊಳಗೆ ಅದು ಮತ್ತೆ ಅಲ್ಲೇ ಇತ್ತು. ಇಷ್ಟು ದಿನ ಬೇಡಿಕೊಂಡದ್ದು ಕೈಗೆ ಬಂದಾಗ, ಒಳಗೆ ಏನಾದರೂ ಕಂಡುಬಿಟ್ಟರೆ ಎಂಬುದೊಂದೇ ತಲೆಯಲ್ಲಿತ್ತು.

"ಮೇಡಂ," ಎಂದ ಅವನು, ಮೊದಲ ಸಲ ಅವಳಿಗೇ ಪಾಠ ಹೇಳುವವನಂತೆ, "ಕಾಲು ಮಡಚಿ ಸೀಟಿನ ಮೇಲೆ ಇಟ್ಕೊಳ್ಳಿ."

ಉಳಿದ ದಾರಿಯಷ್ಟನ್ನೂ ಬ್ರೇಕ್ ಮೇಡಂ ಚಕ್ಕಳಮಕ್ಕಳ ಹಾಕಿಕೊಂಡು, ಮಡಿಲಲ್ಲಿ ಚಪ್ಪಲಿ ಇಟ್ಟುಕೊಂಡು ಕ್ರಮಿಸಿದಳು. ಗೇಟಿನ ಬಳಿ ಅವಳ ಹಳೆಯ ವಿದ್ಯಾರ್ಥಿಯೊಬ್ಬ ಎದುರಾಗಿ, ನೋಡಿದ್ದನ್ನು ನಂಬಲಾರದೆ ಸ್ಕೂಟರನ್ನೇ ನಿಲ್ಲಿಸಿಬಿಟ್ಟ.

ಮೆಷಿನ್ನಿನೊಳಗೆ "ಉಸಿರು ಹಿಡೀರಿ" ಎಂದಾಗ ಹಿಡಿದಳು. "ಬಿಡಿ" ಎಂದದ್ದು ಕಿವಿಗೆ ಬೀಳಲೇ ಇಲ್ಲ. "ಅಮ್ಮಾ, ಬಿಡಬಹುದು, ಸಾಕು," ಎಂದು ಟೆಕ್ನಿಷಿಯನ್ ಹುಡುಗಿ ಮೈಕಿನಲ್ಲಿ ಕೂಗಬೇಕಾಯಿತು.

ರಿಪೋರ್ಟ್ ಬಂದದ್ದು ಮುಂದಿನ ವಾರ. ಅದರಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಆದರೆ ಆ ಮಧ್ಯಾಹ್ನ ಅವಳಿಗೆ ಅದು ಗೊತ್ತಿರಲಿಲ್ಲ. ಸೂಜಿ ಚುಚ್ಚಿದ್ದ ಮೊಣಕೈಗೆ ಹತ್ತಿ ಒತ್ತಿಕೊಂಡು ಹೊರಗೆ ಬಂದಾಗ, ಕಾರು ಹೂವಿನ ಕುಂಡಗಳಿಗೆ ಮೂಗು ತಾಗಿಸಿಕೊಂಡು ಸೊಟ್ಟಗೆ ನಿಂತಿತ್ತು. ಒಳಗೆ ಅವನು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದವನು ಹಾಗೆಯೇ ಬಾಯಿ ತೆರೆದು ನಿದ್ದೆ ಹೋಗಿದ್ದ. ಅವಳು ಸದ್ದಾಗದಂತೆ ಬಾಗಿಲು ತೆಗೆದು ಪಕ್ಕದಲ್ಲಿ ಕೂತಳು. ಎಬ್ಬಿಸಲಿಲ್ಲ. ಗಾಜಿನಿಂದ ಇಳಿದ ಬಿಸಿಲು ಇಬ್ಬರ ಮಂಡಿಯ ಮೇಲೂ ಬಿದ್ದಿತ್ತು. ಬಾನೆಟ್ಟಿನ ಮೇಲೆ ಒಂದು ಗುಬ್ಬಚ್ಚಿ ಅತ್ತಿಂದಿತ್ತ ಕುಪ್ಪಳಿಸುತ್ತ ಏನನ್ನೋ ಹೆಕ್ಕುತ್ತಿತ್ತು.