ಶ್ರೀಕಂಠನ ಅಪೀಲಿಗೊಂದು ಪೂಜೆ

೧೯೮೬ರಲ್ಲಿ ಅಮೆರಿಕದ ಈ ಕಡೆ ಮನೆಗೆ ಬರುವ ಪುರೋಹಿತರು ಕಡಿಮೆ. ಮಂತ್ರ ಬಲ್ಲ ಮುದುಕನೆಂದು ನನ್ನನ್ನೇ ಕರೆಯುತ್ತಿದ್ದರು. ಸರಟೋಗಾದಿಂದ ಶೈಲಜಾ ಫೋನು ಮಾಡಿ, “ಮನೇಲಿ ನೆಮ್ಮದೀನೇ ಇಲ್ಲ ರಾಯರೇ, ಒಂದು ಸತ್ಯನಾರಾಯಣ ಪೂಜೆ ಮಾಡಿಸಿಕೊಡಿ,” ಎಂದಳು.

ಆಕೆಯ ಗಂಡ ಶ್ರೀಕಂಠ ಜೈಲಿನಲ್ಲಿದ್ದ. ಓದಿಸುತ್ತೇನೆಂದು ಮಂಗಳೂರಿನ ಕಡೆಯಿಂದ ಗುಲಾಬಿ ಎಂಬ ಹದಿಮೂರರ ಹುಡುಗಿಯನ್ನು ಕರೆತಂದು, ಅಪಾರ್ಟ್‌ಮೆಂಟೊಂದರಲ್ಲಿ ಕೂಡಿಹಾಕಿ, ಗಂಡಸರಿಗೆ ಮಾರಿದ್ದ. ಪೊಲೀಸರು ಬಿಡಿಸಿದ ಆ ಹುಡುಗಿ ಈಗ ಲಾಸ್ ಆಲ್ಟೋಸ್‌ನಲ್ಲಿ ನನ್ನ ಮಗಳ ಮನೆಯಲ್ಲಿ, ನಮ್ಮೊಡನೆ ಇದ್ದಳು. ಕೋರ್ಟಿನಲ್ಲಿ ಸಾಕ್ಷಿ ನುಡಿಯುವಾಗ ನನ್ನ ಹೆಂಡತಿ ರಮಾಳ ಮುಖ ನೋಡಿಕೊಂಡೇ ಅವಳು ಬಾಯಿ ಬಿಟ್ಟಿದ್ದು. ಹಿಂದಿನ ವರ್ಷ ಮಾಘದಲ್ಲಿ ರಮಾ ತೀರಿಕೊಂಡಿದ್ದಳು.

ಗಂಡ ಮಾಡಿದ್ದಕ್ಕೆ ಹೆಂಡತಿ ಏನು ಮಾಡಿಯಾಳು ಎಂದುಕೊಂಡು ಹೋದೆ.

ನಡುಮನೆ ತುಂಬ ಡಾಕ್ಟರುಗಳು, ಎಂಜಿನಿಯರುಗಳು, ರೇಷ್ಮೆ ಸೀರೆಗಳು. ಸಂಕಲ್ಪಕ್ಕೆ ಶೈಲಜಾಳ ಕೈಗೆ ಅಕ್ಷತೆ ಕೊಟ್ಟು, ಕೋರಿಕೆ ಏನೆಂದು ಕೇಳಿದೆ.

“ಇವರ ಅಪೀಲು ಗೆಲ್ಲಲಿ ಅಂತ. ಪೊಲೀಸರು ಆ ಅಪಾರ್ಟ್‌ಮೆಂಟಿಗೆ ವಾರಂಟು ಇಲ್ದೆ ನುಗ್ಗಿದ್ರಂತೆ. ಗೆದ್ರೆ ಕೇಸು ಮೊದಲಿಂದ ನಡೆಯುತ್ತೆ ಅಂದಿದಾರೆ ಲಾಯರು.”

ಮೊದಲಿಂದ ನಡೆದರೆ ಗುಲಾಬಿ ಮತ್ತೆ ಕಟಕಟೆ ಹತ್ತಬೇಕು. ನನ್ನ ಕೈ ನಿಂತಿತು.

“ಹುಡುಗಿ ಇರೋದು ನಿಮ್ಮನೇಲಿ. ನೀವೇ ಮಾಡಿಸಿದ್ರೆ ಜನಾನೂ ಬಾಯಿ ಮುಚ್ಕೋತಾರೆ,” ಎಂದ ಡಾಕ್ಟರು ಅರವಿಂದ, ಶ್ರೀಕಂಠನ ಗೆಳೆಯ. ನನ್ನನ್ನೇ ಕರೆಸಿದ್ದು ಏಕೆಂದು ಆಗ ತಿಳಿಯಿತು.

“ದೇವರಿಗೆ ಬಿಡಿಸಿ ಹೇಳಬೇಕಮ್ಮ,” ಎಂದೆ. “‘ಮಗುವನ್ನು ಮಾರಿದ ನನ್ನ ಗಂಡನನ್ನು ಬಿಡಿಸು’ ಅಂತ ಕನ್ನಡದಲ್ಲೇ ಹೇಳು. ಮುಂದಿನದು ನಾನು ಹೇಳ್ತೀನಿ.”

“ಏನ್ ರಾಯರೇ, ದೇವರಿಗೂ ಡೀಟೇಲ್ಸು ಬೇಕಾ?” ಎಂದು ಅರವಿಂದ ನಕ್ಕ. ಇನ್ನೂ ಒಂದಿಬ್ಬರು ನಕ್ಕರು.

ಶೈಲಜಾ ತಲೆಯೆತ್ತಲಿಲ್ಲ. “ಇಷ್ಟಾರ್ಥ ಅಂದ್ಬಿಡಿ, ಸಾಕು.”

ನಾನು ಎದ್ದೆ. ಚಪ್ಪಲಿ ಮೆಟ್ಟುವಷ್ಟರಲ್ಲಿ ಒಳಗೆ ಪೂಜೆಯ ಕ್ಯಾಸೆಟ್ಟು ಹಾಕಿದರು. ಅದು ಏನನ್ನೂ ಕೇಳದೆ ಮಂತ್ರ ಹೇಳತೊಡಗಿತು. ತುಪ್ಪದಲ್ಲಿ ಹುರಿದ ರವೆಯ ವಾಸನೆ ಅವರ ಬೇಲಿಯವರೆಗೂ ಹಿಂಬಾಲಿಸಿತು.

ಬಸ್ಸು ಹಿಡಿದು ಬಂದವನು ಮನೆಯೊಳಗೆ ಕಾಲಿಡದೆ, ಹಿತ್ತಲಿನ ಪೈಪು ತಿರುಗಿಸಿ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಬಿಟ್ಟುಕೊಂಡೆ. ಗುಲಾಬಿ ಟವೆಲು ಹಿಡಿದು ಓಡಿಬಂದಳು.

“ಯಾರು ತೀರಿಹೋದದ್ದು ಅಜ್ಜ?”

“ಯಾರೂ ಇಲ್ಲ ಮಗಾ.” ಮುಚ್ಚಿಡಲಾರದೆ ಅಪೀಲಿನ ಸಂಗತಿ ಹೇಳಿದೆ.

ಅವಳು ಟವೆಲನ್ನು ಮಡಿಸಿದಳು, ಬಿಚ್ಚಿದಳು. “ಹಾಗಾದ್ರೆ ನಾನು ಎಲ್ಲ ಪುನಃ ಹೇಳ್ಬೇಕಾ? ಅಜ್ಜಿ ಇಲ್ವಲ್ಲ.”

“ಅವರು ಗೆದ್ದರೆ ಹೇಳಬೇಕು. ಎದುರಿಗೆ ನಾನು ಕೂರ್ತೀನಿ.”

“ನಿಮಗೆ ಅದನ್ನೆಲ್ಲ ಕೇಳ್ಲಿಕ್ಕೆ ಆಗ್ಲಿಕ್ಕಿಲ್ಲ ಅಜ್ಜ. ಅಜ್ಜಿ ಕೋರ್ಟಿಂದ ಮನೆಗೆ ಬಂದು ಊಟವೇ ಮಾಡ್ತಿರ್ಲಿಲ್ಲ.”

ಅದು ನನಗೆ ಗೊತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲೇ ಮೆಟ್ಟಿಲ ಮೇಲೆ ಕುಳಿತೆ.

“ಕೇಳ್ತೀನಿ,” ಎಂದೆ.