ಬ್ರೇಕಮ್ಮ ಮೇಜು ಕುಟ್ಟಿದ್ದು

ಈ ಸಂಗತಿಯನ್ನು ಹೇಳುವವರು ಹಲವರು. ಒಬ್ಬೊಬ್ಬರ ಬಾಯಲ್ಲಿ ಇದಕ್ಕೆ ಒಂದೊಂದು ಬಣ್ಣ. ಆದರೆ ಬ್ರೇಕಮ್ಮನ ಕಾರಿನ ವಿಷಯದಲ್ಲಿ ಮಾತ್ರ ಯಾರಲ್ಲೂ ಭಿನ್ನಾಭಿಪ್ರಾಯವಿಲ್ಲ. ಅದು ನೆತ್ತಿಯ ಮೇಲೆ 'ಕಲಿಯುವವರು' ಎಂಬ ಹಲಗೆ ಹೊತ್ತ, ಮೈಯೆಲ್ಲ ಗೀರು ಬಿದ್ದ, ಬಿಳಿಯೋ ಬೂದಿಯೋ ಎಂದು ನಿರ್ಧರಿಸಲಾಗದ ಪುಟ್ಟ ಕಾರು. ಡ್ರೈವಿಂಗ್ ಶಾಲೆಯ ಎಲ್ಲ ಕಾರುಗಳಂತೆ ಅದರಲ್ಲೂ ಎರಡು ಬ್ರೇಕುಗಳಿದ್ದವು: ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವಳ ಕಾಲಿಗೆ.

ಕಲಿಸುವ ಬ್ರೇಕಮ್ಮ ತನ್ನ ಪಾಲಿನ ಬ್ರೇಕನ್ನು ತುಳಿಯುತ್ತಿದ್ದುದು ತೀರ ಅಪರೂಪ. ಸೈಕಲ್ಲು ಅಡ್ಡ ಬರಲಿ, ಗೋಡೆ ಎದುರಾಗಲಿ, ಕೂಗಾಡುತ್ತಲೂ ಇರಲಿಲ್ಲ. ಬೆರಳಿನ ಗೆಣ್ಣಿನಿಂದ ಡ್ಯಾಶ್‌ಬೋರ್ಡಿನ ಮೇಲೆ ಒಂದೇ ಒಂದು ಸಲ ಕುಟ್ಟುತ್ತಿದ್ದಳು. ಟಕ್. ಆ ಸದ್ದಿಗೆ ಕಲಿಯುವವರ ಕಾಲು ವೇಗದ ಪೆಡಲಿನಿಂದ ತಾನಾಗಿ ಮೇಲೇಳಬೇಕು. ಶಾಲೆಯ ಮೊದಲ ಪಾಠವೇ ಇದು. ಆ ಪಾಠದಲ್ಲಿ ಕಾರು ನಿಂತಲ್ಲೇ ನಿಂತಿರುತ್ತಿತ್ತು, ಎಂಜಿನ್ ಆರಿರುತ್ತಿತ್ತು. ಬ್ರೇಕಮ್ಮ ಮನೆಯ ಸುದ್ದಿ, ಸೆಕೆಯ ಸುದ್ದಿ, ಅತ್ತೆ ಮಾವಂದಿರ ಸುದ್ದಿ ವಿಚಾರಿಸುತ್ತ, ಮಾತಿನ ನಡುವೆ ಟಕ್ ಎನ್ನಿಸುತ್ತಿದ್ದಳು. ಮಾತು ನಿಲ್ಲಬಾರದು, ಕಾಲು ಮಾತ್ರ ಏಳಬೇಕು.

"ಕಾಲು ಮೊದ್ಲು ಏಳ್ಬೇಕು ಕಣೋ. ಯಾಕೆ ಅಂತ ಆಮೇಲೆ ಕೇಳು. ಬೇಕಾದ್ರೆ ನನ್ಜೊತೆ ಜಗಳಾನೇ ಆಡು."

ಅವಳಲ್ಲಿ ಕಲಿತ ಬಡಗಿಯೊಬ್ಬ ಆಮೇಲೆ ಮೊಳೆ ಹೊಡೆಯುವಾಗಲೆಲ್ಲ ಕಾಲೆತ್ತಿ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದನಂತೆ. ಇದನ್ನು ನಂಬುವುದು ಬಿಡುವುದು ಕೇಳುವವರಿಗೆ ಸೇರಿದ್ದು. ಊರಿನ ಬ್ರೆಡ್ಡಿನ ವ್ಯಾನು, ಆಂಬುಲೆನ್ಸು, ಅಗ್ನಿಶಾಮಕದ ಲಾರಿ, ಪೊಲೀಸರ ಜೀಪು, ಇವುಗಳ ಚಾಲಕರಲ್ಲಿ ಬಹುಮಂದಿ ಅವಳ ಕೈಕೆಳಗೆ ಪಳಗಿದವರೆಂಬುದಂತೂ ನಿಜ. ಅವರಲ್ಲಿ 'ಬಾಣ' ಎಂದು ಹೆಸರಾದ ಪೊಲೀಸ್ ಚಾಲಕನೂ ಒಬ್ಬ.

ಬ್ರೇಕಮ್ಮನ ತಂಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಅಂಗಡಿ ಮುಚ್ಚಿ, ಪೇಟೆಬೀದಿಯ ಬಸ್ ನಿಲ್ದಾಣದಲ್ಲಿ ನಾಲ್ಕು ಜನರ ನಡುವೆ ನಿಂತಿದ್ದಳು. ಬೀದಿಯ ಆ ತುದಿಯಲ್ಲಿ ಹಿಂದಿನ ದೀಪ ಒಡೆದ ಕಾರೊಂದಕ್ಕೆ ಪೊಲೀಸರು ಕೈ ಅಡ್ಡ ಹಿಡಿದರು. ಕಾರಿನವನು ನಿಲ್ಲಿಸಲಿಲ್ಲ. ಜೀಪು ಬೆನ್ನು ಹತ್ತಿತು. ಮುಂದಿನವನು ಹೆದರಿ ಓಡಿದಷ್ಟೂ ಹಿಂದಿನವನು ಹುರುಪಿನಿಂದ ಅಟ್ಟಿದ. ಹಿಂದಿನವನು ಅಟ್ಟಿದಷ್ಟೂ ಮುಂದಿನವನು ಕಣ್ಣು ಮುಚ್ಚಿ ಓಡಿದ. ತಿರುವಿನಲ್ಲಿ ಕಾರು ಫುಟ್‌ಪಾತಿನ ಮೇಲೆ ಹತ್ತಿತು. ಹತ್ತಿದ ಕಡೆಯಲ್ಲೇ ತಂಗಿ ನಿಂತಿದ್ದಳು.

ಕಾರಿನವನಿಗೆ ಮೊಣಕೈ ತರಚಿತು. ಜೀಪಿಗೆ ಒಂದು ಗೀರೂ ಬೀಳಲಿಲ್ಲ. ಮರುದಿನದ ಸುದ್ದಿಯಲ್ಲಿ 'ಬೆನ್ನಟ್ಟಿ ಆರೋಪಿಯ ಸೆರೆ' ಎಂದು ದೊಡ್ಡದಾಗಿ ಬಂತು. ತಂಗಿಯ ವಿಷಯ ಅದರ ಬಾಲದಲ್ಲಿ ಒಂದು ಸಾಲು. ಜೀಪು ನಡೆಸುತ್ತಿದ್ದವನು ಬಾಣ.

ತಾಯಿ ಹೋದ ಮೇಲೆ ತಂಗಿಯ ಮಗಳು ಗಂಟುಮೂಟೆ ಕಟ್ಟಿಕೊಂಡು ದೊಡ್ಡಮ್ಮನ ಮನೆಗೆ ಬಂದಳು. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗಿ. ನಾಲಿಗೆ ಕತ್ತರಿಯಷ್ಟು ಚುರುಕು. ಭಾನುವಾರ ಬೆಳಿಗ್ಗೆ ಅವಳು ಕಿಟಕಿಯಿಂದ ಹೊರಗೆ ನೋಡಿ ಹೇಳುತ್ತಿದ್ದಳು:

"ದೊಡ್ಡಮ್ಮ, ಆ ಬಾಣ ಮತ್ತೆ ಬಂದು ಗೇಟ್ ಹತ್ರ ನಿಂತಿದ್ದಾನೆ."

"ನಿಂತ್ಕೊಳ್ಳಿ ಬಿಡು. ನಿಲ್ಲೋದನ್ನ ಈಗ್ಲಾದ್ರೂ ಕಲೀಲಿ."

"ಅಳ್ತಾ ಇದ್ದಾನೆ ಕಣೇ."

"ಅಳೋಕೆ ನಾನೇನು ಅವನಿಗೆ ಕಲಿಸಿಲ್ಲ. ಅದು ಸ್ವಂತ ವಿದ್ಯೆ. ಪರದೆ ಎಳಿ."

ಪರದೆ ಎಳೆದ ಮೇಲೆ ಬ್ರೇಕಮ್ಮ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳಂತೆ. ತಂಗಿಯ ಮಗಳು ಅದನ್ನು ಕಂಡೂ ಕಾಣದವಳ ಹಾಗೆ ಇರುತ್ತಿದ್ದಳು.

ಇಂಥ ಸಾವು ಆ ಊರಿನಲ್ಲಿ ಅದೊಂದೇ ಆಗಿರಲಿಲ್ಲ. ಪತ್ರಿಕೆ ಮಾರುವ ಮುದುಕ, ಕೊಡೆ ರಿಪೇರಿಯವನ ಹೆಂಡತಿ, ಹೀಗೆ ಬೇರೆ ಬೇರೆ ಬೀದಿಗಳಲ್ಲಿ ತಮ್ಮ ಪಾಡಿಗೆ ತಾವು ನಿಂತವರು ಯಾರದೋ ಓಟಕ್ಕೆ, ಯಾರದೋ ಬೆನ್ನಟ್ಟುವಿಕೆಗೆ ಬಲಿಯಾಗಿದ್ದರು. ಅವರ ಮನೆಯವರನ್ನೆಲ್ಲ ಬ್ರೇಕಮ್ಮ ಹುಡುಕಿ ಹುಡುಕಿ ತನ್ನ ಶಾಲೆಯ ಕೋಣೆಗೆ ಕರೆತಂದಳು. ಕಾರಿನ ಗೇರುಗಳ ಚಿತ್ರಪಟದ ಕೆಳಗೆ, ಕಾಲು ಮುರಿದ ಬೆಂಚುಗಳ ಮೇಲೆ ಕೂತು ಅವರು ಒಂದೇ ಬೇಡಿಕೆಗೆ ಬಂದರು. ಸಣ್ಣ ತಪ್ಪಿಗೆ ಬೆನ್ನಟ್ಟುವುದು ಬೇಡ. ದೊಡ್ಡ ತಪ್ಪಾದರೂ ಜನ ದಟ್ಟವಾಗಿರುವ ಬೀದಿಗೆ ಓಟ ಬಂದೊಡನೆ ಪೊಲೀಸರ ವೈರ್‌ಲೆಸ್ ಕೋಣೆಯಿಂದ 'ನಿಲ್ಲಿಸು' ಎಂಬ ಆಜ್ಞೆ ಹೋಗಬೇಕು, ಜೀಪು ನಿಲ್ಲಬೇಕು. ನಗರಸಭೆ ಇದನ್ನು ಒಪ್ಪಿದರೆ ನಿಯಮವಾಗುತ್ತದೆ. ಒಪ್ಪದಿದ್ದರೆ ಮುಂದಿನ ಸಾವು ಯಾವ ಬೀದಿಯಲ್ಲಿ ಎಂದು ಕಾಯುತ್ತ ಕೂರಬೇಕು.

ವಿಚಾರಣೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಎತ್ತರದ ಪೀಠದಲ್ಲಿ ನಗರಸಭೆಯ ಅಧ್ಯಕ್ಷೆ. ಆಕೆ ಕಣ್ಣು ಮುಚ್ಚಿ ಕೇಳುವವಳು. ನಿದ್ದೆಯೋ ಯೋಚನೆಯೋ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಪೀಠದ ಕೆಳಗೆ ಒಂದು ಬದಿಗೆ ಬ್ರೇಕಮ್ಮನ ಕಡೆಯವರ ಮೇಜು. ಎದುರು ಬದಿಗೆ ಇನ್ನೊಂದು ಮೇಜಿನ ಹಿಂದೆ ಪೊಲೀಸ್ ಇಲಾಖೆಯ ದೊಡ್ಡ ಸಾಹೇಬರು. ಅವರ ಪಕ್ಕದ ಬೆಂಚಿನಲ್ಲಿ ಇಲಾಖೆಯ ಚಾಲಕರು ಸಮವಸ್ತ್ರ ತೊಟ್ಟು, ಬೂಟು ಮಿರುಗಿಸಿಕೊಂಡು ಸಾಲಾಗಿ ಕೂತಿದ್ದರು. ತನ್ನ ಬಲ ತೋರಿಸಲೆಂದು ಇಲಾಖೆಯೇ ಅವರನ್ನು ಕರೆಸಿತ್ತು. ಸಾಲಿನ ಕೊನೆಯಲ್ಲಿ ಬಾಣ. ಆ ಸಂಜೆ ಪೇಟೆಬೀದಿ ಖಾಲಿಯಿತ್ತೆಂದು ಹೇಳಬೇಕೆಂಬುದು ಅವನಿಗೆ ಮೇಲಿನಿಂದ ಬಂದ ಮಾತು ಎಂದು ಊರಿಗೆಲ್ಲ ಗೊತ್ತಿತ್ತು.

ದೊಡ್ಡ ಸಾಹೇಬರು ಕೆಟ್ಟವರಲ್ಲ, ಮಾತು ಬಲ್ಲವರು. ಎದ್ದು ನಿಂತು, ಸತ್ತವರಿಗೆ ಮರುಕ ಸೂಚಿಸಿ, ಬಳಿಕ ನಿಯಮದ ಬುಡಕ್ಕೇ ಕೊಡಲಿ ಹಾಕಿದರು.

"ಅಧ್ಯಕ್ಷರೇ, ಈ ನಿಯಮ ಕೇಳೋಕೆ ಚೆನ್ನಾಗಿದೆ. ಆದ್ರೆ ನಡೆಯೋದಿಲ್ಲ. ಬೆನ್ನಟ್ಟುವವನ ರಕ್ತ ಕುದೀತಾ ಇರುತ್ತೆ. ಅವನ ಕಿವೀಲಿ ಸೈರನ್ ಬಿಟ್ರೆ ಬೇರೇನೂ ಇರಲ್ಲ. ದೂರದ ಕೋಣೇಲಿ ಕೂತು ಯಾರೋ 'ನಿಲ್ಲಿಸು' ಅಂದ್ರೆ ಅವನ ತಲೆಗೆ ಹೋಗಲ್ಲ. ಇದು ಮನುಷ್ಯ ಸ್ವಭಾವ. ಸ್ವಭಾವಕ್ಕೆ ನಿಯಮ ಮಾಡೋಕಾಗುತ್ತಾ?"

ನಗರಸಭೆಯ ಸದಸ್ಯರಲ್ಲಿ ಕೆಲವರು ತಲೆದೂಗಿದರು. ತಂಗಿಯ ಮಗಳು ಬ್ರೇಕಮ್ಮನ ಕಿವಿಯಲ್ಲಿ ಉಸುರಿದಳು:

"ದೊಡ್ಡಮ್ಮ, ಇವ್ರು ಬಾಯಲ್ಲೇ ಓವರ್‌ಟೇಕ್ ಮಾಡ್ತಿದ್ದಾರೆ. ಏನಾದ್ರೂ ಹೇಳು."

"ತಡಿ. ನಮ್ ಸರದಿ ಬರ್ಲಿ."

ಸಾಹೇಬರು ನಿಲ್ಲಲಿಲ್ಲ. ತಲೆದೂಗುವವರನ್ನು ಕಂಡು ಅವರಿಗೂ ಹುರುಪು ಏರಿತ್ತು. ಕುರ್ಚಿಯಲ್ಲಿ ಕೂತು, ನೀರು ಗುಟುಕರಿಸಿ, ಕೂತಲ್ಲಿಂದಲೇ ಮುಂದುವರಿಸಿದರು. "ಇನ್ನು ಆ ಪೇಟೆಬೀದಿಯ ವಿಷಯ. ಅಲ್ಲಿ ನಿಂತಿದ್ದ ಹೆಂಗಸೂ ಸೈರನ್ ಕೇಳಿ ಸ್ವಲ್ಪ ಹಿಂದೆ ಸರೀಬಹುದಿತ್ತು. ಅವರ ತಪ್ಪೂ..."

ಟಕ್.

ಬ್ರೇಕಮ್ಮ ಬೇಕೆಂದೇ ಕುಟ್ಟಿದಳೆಂದು ಕೆಲವರು ಹೇಳುತ್ತಾರೆ. ಹತ್ತಿರ ಕೂತಿದ್ದ ತಂಗಿಯ ಮಗಳ ಪ್ರಕಾರ ಹಾಗಲ್ಲ: ಗೋಡೆಯ ಕಡೆಗೆ ನುಗ್ಗುವ ಶಿಷ್ಯನ ಪಕ್ಕದಲ್ಲಿ ಕೂತಾಗ ಏಳುವಂತೆ ಕೈ ತಾನೇ ಎದ್ದು, ಗೆಣ್ಣು ತಾನೇ ಮೇಜಿನ ಮರಕ್ಕೆ ಬಿತ್ತು. ಆಮೇಲೆ ಆದದ್ದರಲ್ಲಿ ಮಾತ್ರ ಎಲ್ಲ ಕಥೆಗಳೂ ಒಂದೇ. ಚಾಲಕರ ಬೆಂಚಿನ ಕೆಳಗೆ, ಈ ತುದಿಯಿಂದ ಆ ತುದಿಯವರೆಗೆ, ಮಿರುಗುವ ಬಲಗಾಲಿನ ಬೂಟುಗಳೆಲ್ಲ ಒಮ್ಮೆಗೇ ನೆಲ ಬಿಟ್ಟು ಮೇಲೆದ್ದು ನಿಂತವು.

ಚಾಲಕರು ತಮ್ಮ ಕಾಲುಗಳನ್ನು ತಾವೇ ನೋಡಿಕೊಂಡರು, ಯಾರದೋ ಕಾಲು ತಮಗೆ ಅಂಟಿಕೊಂಡಿದೆಯೋ ಎಂಬಂತೆ. ಒಬ್ಬನಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕೊಡೆ ರಿಪೇರಿಯವನು ಎದ್ದು ಕೂಗಿದ:

"ಅಲ್ನೋಡಿ, ಅಲ್ನೋಡಿ! ಸಾಹೇಬ್ರುದೂ!"

ಸಾಹೇಬರ ಮೇಜಿಗೆ ಹೊದಿಕೆ ಇರಲಿಲ್ಲ. ಅವರ ಬಲಗಾಲಿನ ಬೂಟು ನೆಲದಿಂದ ಗೇಣು ಮೇಲೆ ತೂಗುತ್ತಿತ್ತು.

ಅಧ್ಯಕ್ಷೆ ಕಣ್ಣು ತೆರೆದಳು. "ಸಾಹೇಬ್ರೇ, ನೀವೂ ಇವರ ಹತ್ರಾನೇ ಕಲ್ತಿದ್ದಾ?"

ಸಾಹೇಬರ ಮುಖ ಮೊದಲು ಕೆಂಪಾಯಿತು, ಆಮೇಲೆ ಸಡಿಲವಾಯಿತು. "ಹೌದು," ಎಂದರು, ಕಾಲನ್ನು ಮೆಲ್ಲಗೆ ಇಳಿಸುತ್ತ. "ಕೆಲಸಕ್ಕೆ ಸೇರೋಕೆ ಮುಂಚೆ. ಮೂರು ಸಲ ಫೇಲಾಗಿದ್ದೆ."

"ನಾಲ್ಕು," ಎಂದಳು ಬ್ರೇಕಮ್ಮ.

ನಗು ಛಾವಣಿ ಮುಟ್ಟಿತು. ನಗು ಇಳಿಯುವ ಮೊದಲೇ ಬ್ರೇಕಮ್ಮ ಎದ್ದು ನಿಂತಿದ್ದಳು. ತನ್ನ ಕೈ ಏನು ಮಾಡಿತೆಂಬುದು ಅವಳಿಗೆ ಈಗ ಹೊಳೆದಿತ್ತು.

"ಸಾಹೇಬ್ರು ಹೇಳಿದ್ದು ಸುಳ್ಳಲ್ಲ. ಓಡಿಸೋವಾಗ ತಲೆ ಕೇಳಲ್ಲ. ತಲೆ ಕೇಳುತ್ತೆ ಅಂತ ನಾನು ಯಾವತ್ತೂ ನಂಬಿಲ್ಲ. ಅದಕ್ಕೇ ನಾನು ಕಾಲಿಗೆ ಕಲಿಸ್ತೀನಿ. ಈ ಮಕ್ಕಳೆಲ್ಲ ನನ್ನ ಕಾರು ಬಿಟ್ಟು ಎಷ್ಟು ವರ್ಷ ಆಯ್ತೋ. ಆದ್ರೂ ಒಂದು ಸದ್ದಿಗೆ ಕಾಲು ಎದ್ತು. ನೀವು ಕಲಿಸಿ, ಏಳುತ್ತೆ. ಕಲಿಸಲ್ಲ ಅಂದ್ರೆ ಬೇರೆ ಮಾತು."

ಆಗ ಬೆಂಚಿನ ಕೊನೆಯಲ್ಲಿ ಬಾಣ ಎದ್ದ. ಸಾಹೇಬರು ಅವನತ್ತ ನೋಡಿದರು, ತಡೆಯಲಿಲ್ಲ.

"ಬೀದಿ ಖಾಲಿ ಇರ್ಲಿಲ್ಲ," ಎಂದ ಅವನು. "ಬಸ್ ಸ್ಟಾಪಲ್ಲಿ ಜನ ಇದ್ರು. ನನಗೆ ಕಾಣಿಸ್ತು. ಕಾಣಿಸಿದ್ರೂ ಕಾಲು ಏಳ್ಲಿಲ್ಲ. ಮೇಡಂ ಪಕ್ಕದಲ್ಲಿದ್ದಿದ್ರೆ ಕುಟ್ಟಿರೋರು. ಜೀಪಲ್ಲಿ ಕುಟ್ಟೋರು ಯಾರೂ ಇರ್ಲಿಲ್ಲ. ಒಡೆದಿದ್ದ ಒಂದು ದೀಪಕ್ಕೋಸ್ಕರ, ಮೇಡಂ. ಅಷ್ಟಕ್ಕೇ."

ಬ್ರೇಕಮ್ಮ ಅವನ ಕಡೆಗೆ ತಿರುಗಿದಳು.

"ಕೂತ್ಕೋ," ಎಂದಳು. "ಭಾನುವಾರ ಬಾ. ಒಳಗೆ ಬಾ."

ಕೈ ಎತ್ತಿ ಮತ ಹಾಕುವ ಹೊತ್ತಿಗೆ ತಲೆದೂಗಿದವರ ಕೈಗಳೂ ಮೇಲೆದ್ದವು. ಸಣ್ಣ ತಪ್ಪಿಗೆ ಬೆನ್ನಟ್ಟುವಂತಿಲ್ಲ. ಜನದಟ್ಟಣೆಯ ಬೀದಿಗೆ ಓಟ ಹೊಕ್ಕರೆ ವೈರ್‌ಲೆಸ್ ಕೋಣೆ ಅದನ್ನು ನಿಲ್ಲಿಸಬೇಕು. ನಿಲ್ಲಿಸದ ಚಾಲಕ ಆ ಕೆಲಸದಲ್ಲಿ ಉಳಿಯುವಂತಿಲ್ಲ. ಚಾಲಕರಿಗೆ ಆ ಪಾಠ ಕಲಿಸಲು ಬ್ರೇಕಮ್ಮನೇ ಆಗಬೇಕೆಂದು ಸೂಚಿಸಿದವರು ದೊಡ್ಡ ಸಾಹೇಬರು. ಮೊದಲ ತಂಡದಲ್ಲಿ ತಾವೂ ಬಂದು ಕೂತರಂತೆ. "ಐದನೇ ಸಲ ಆದ್ರೂ ಪಾಸ್ ಮಾಡ್ಸಿ, ಮೇಡಂ," ಎಂದದ್ದನ್ನು ಕೇಳಿದವರು ಈಗಲೂ ಇದ್ದಾರೆ.

ಸತ್ತವರ ಮನೆಯವರು ಆ ದಿನ ಸಭಾಂಗಣದ ಮೆಟ್ಟಿಲಿನ ಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ನಕ್ಕರು. ಬ್ರೇಕಮ್ಮ ಮಾತ್ರ ಎರಡನ್ನೂ ಮಾಡಲಿಲ್ಲ. "ನಿಯಮ ಗೋಡೆ ಮೇಲಿದ್ರೆ ಏನು ಬಂತು? ಬೀದಿಗೆ ಇಳೀಲಿ, ಆಮೇಲೆ ನೋಡೋಣ," ಎಂದು ಮಗಳ ಕೈ ಹಿಡಿದು ಮನೆಗೆ ನಡೆದಳು.

ಅದು ಬೀದಿಗಿಳಿದದ್ದು ಬೇಸಿಗೆಯ ಒಂದು ಮಧ್ಯಾಹ್ನ. ಬ್ರೇಕಮ್ಮ ಪೇಟೆಬೀದಿಯಲ್ಲಿ ಬೇಕರಿಯವನೊಬ್ಬನಿಗೆ ಕಾರು ಕಲಿಸುತ್ತಿದ್ದಳು. ಆತ ದಢೂತಿ ಮನುಷ್ಯ. ಕಾರಿಗಿಂತ ಹೆಚ್ಚು ಬೆವರುತ್ತಿದ್ದ. ಬಸ್ ನಿಲ್ದಾಣದ ಎದುರು ಕಾರು ಗಕ್ಕನೆ ನಿಂತು ಆರಿಹೋಯಿತು. ಅದೇ ಹೊತ್ತಿಗೆ ಹಿಂದಿನಿಂದ ಸೈರನ್ ಕೇಳಿತು.

ಕನ್ನಡಿಯಲ್ಲಿ ಮೊದಲು ಒಂದು ಹಸಿರು ಕಾರು ಕಾಣಿಸಿತು, ಅದರ ಹಿಂದೆ ಜೀಪು. ಬ್ರೇಕಮ್ಮನ ಎರಡೂ ಕೈ ಸೀಟನ್ನು ಹಿಡಿದವು. ನಿಲ್ದಾಣದಲ್ಲಿ ಜನವೋ ಜನ: ಚೀಲ ಹೊತ್ತ ಹೆಂಗಸು, ಕನ್ನಡಕ ಒರೆಸುತ್ತಿದ್ದ ಮುದುಕ, ಜಡೆ ಎಳೆದಾಡುತ್ತಿದ್ದ ಇಬ್ಬರು ಅಕ್ಕತಂಗಿಯರು. ಹಸಿರು ಕಾರು ಬಂತು. ಜೀಪು ಬೀದಿಯ ಬಾಯಿಗೆ ಬಂತು. ಬಂದದ್ದೇ ಅದರ ಮೂತಿ ತಗ್ಗಿತು, ವೇಗ ಕುಸಿಯಿತು. ಸೈರನ್ ನಡುವೆಯೇ ತುಂಡಾಯಿತು. ಜೀಪು ತರಕಾರಿ ವ್ಯಾನಿನ ಹಿಂದೆ ಸಾಧುವಿನಂತೆ ನಿಂತುಕೊಂಡಿತು.

ಹಸಿರು ಕಾರಿನವನು ಒಂದೆರಡು ಸಲ ಹಿಂತಿರುಗಿ ನೋಡಿದ. ಅಟ್ಟುವವರಿಲ್ಲದ ಮೇಲೆ ಓಡಲು ಅವನಿಗೂ ಕಾರಣ ಉಳಿಯಲಿಲ್ಲ. ತಿರುವಿನಲ್ಲಿ ಎಲ್ಲರಂತೆ ನಿಧಾನಿಸಿ, ದಾಟುವವರಿಗೆ ದಾರಿ ಬಿಟ್ಟು ಹೋದ. ಮರುದಿನ ಬೆಳಿಗ್ಗೆ ಅವನು ಹಲ್ಲುಜ್ಜುತ್ತಿರುವಾಗ ಪೊಲೀಸರು ಕಾರಿನ ನಂಬರಿನ ಜಾಡು ಹಿಡಿದು ಮನೆಗೇ ಹೋಗಿ ಕರೆದುಕೊಂಡು ಬಂದರು. ಬಾಯಿ ಮುಕ್ಕಳಿಸಲು ಬಿಟ್ಟರೆಂದೂ ಬಿಡಲಿಲ್ಲವೆಂದೂ ಎರಡು ಪಾಠಾಂತರಗಳಿವೆ.

ನಿಲ್ದಾಣದಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಚೀಲದ ಹೆಂಗಸು ಬಸ್ಸು ತಡವಾಯಿತೆಂದು ಗೊಣಗುತ್ತಿದ್ದಳು. ಬಸ್ಸು ಬಂತು. ಮುದುಕ ಹತ್ತಿದ, ಅಕ್ಕತಂಗಿಯರು ತಳ್ಳಾಡುತ್ತ ಹತ್ತಿದರು, ಆ ಹೆಂಗಸೂ ಹತ್ತಿದಳು. ನಿಲ್ದಾಣ ಖಾಲಿಯಾಯಿತು.

ಬ್ರೇಕಮ್ಮನ ಕಣ್ಣಿನಿಂದ ಧಾರೆಯಾಗಿ ನೀರು ಇಳಿಯುತ್ತಿತ್ತು. ಬೇಕರಿಯವನು ಅವಳತ್ತ ತಿರುಗಿದ.

"ಅಯ್ಯೋ, ಏನಾಯ್ತು ಮೇಡಂ? ಕಾರು ಆಫ್ ಮಾಡಿದ್ದಕ್ಕಾ?"

"ಏನೂ ಆಗ್ಲಿಲ್ಲ ಕಣಯ್ಯಾ!" ಬ್ರೇಕಮ್ಮ ಅವನ ಬೆನ್ನಿಗೆ ಗುದ್ದಿ, ಬೀದಿಯೇ ತಿರುಗಿ ನೋಡುವಂತೆ ನಕ್ಕಳು. ತಂಗಿ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ಯಾರೂ ಕೇಳಿರಲಿಲ್ಲ. "ಏನೂ ಆಗ್ಲಿಲ್ಲ! ನೋಡಿದ್ಯಾ? ಇಷ್ಟು ಜನ ಇದ್ರು, ಯಾರಿಗೂ ಏನೂ ಆಗ್ಲಿಲ್ಲ!"

ಹಿಂದೆ ಸಾಲುಗಟ್ಟಿದ್ದ ವಾಹನಗಳೆಲ್ಲ ಹಾರನ್ ಹೊಡೆಯತೊಡಗಿದವು.

"ಹೊಡ್ಕೊಳ್ಳಿ ಬಿಡು," ಎಂದಳು ಅವಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ನೀನು ನಿಧಾನಕ್ಕೆ ಸ್ಟಾರ್ಟ್ ಮಾಡು."